1,122 ದಿನ: ಊರಿಗೂ ಹೋಗಿ, ಕೆನಡಾ ಸಿಟಿಜನ್‌ಶಿಪ್ಪನ್ನೂ ಪಡೆದ ನನ್ನ ಅನುಭವ

ಕೆನಡಾದ ಮಿಸಿಸಾಗಾದಲ್ಲಿ ನಮ್ಮದೊಂದು ಶನಿವಾರದ ಬ್ಯಾಡ್ಮಿಂಟನ್ ಗುಂಪಿದೆ. ಅದರಲ್ಲಿ ಅರ್ಧ ಜನ ಸಿಟಿಜನ್, ಉಳಿದರ್ಧ ಜನ ಸಿಟಿಜನ್‌ಶಿಪ್‌ಗೆ ಬೇಕಾದ ದಿನ ಎಣಿಸುತ್ತಿರುವವರು. ನಾನು ಐದು ತಿಂಗಳು ಊರಿಗೆ ಹೋಗುತ್ತೇನೆ ಅಂದಾಗ ಎಲ್ಲರದ್ದೂ ಒಂದೇ ಮಾತು. "ಇಷ್ಟು ದಿನ ಕಾದಿದ್ದು ನೀರಲ್ಲಿ ಹೋಮ. ವಾಪಸ್ ಬಂದು ಒಂದು ವರ್ಷ ಅಲ್ಲಾಡದೆ ಕೂತು ಆಮೇಲೆ ಅರ್ಜಿ ಹಾಕು." 200 ಡಾಲರ್ ತಗೊಂಡ ಕನ್ಸಲ್ಟೆಂಟ್ ಒಬ್ಬರೂ ಅದನ್ನೇ ಹೇಳಿದರು. ನಾನು 168 ದಿನ ಊರಲ್ಲಿದ್ದು, ವಾಪಸ್ ಬಂದ ಒಂದು ವಾರಕ್ಕೆ ಅರ್ಜಿಗೆ ಸಹಿ ಹಾಕಿದೆ. ಸಿಟಿಜನ್‌ಶಿಪ್ ಬಂತು. ಹೇಗೆ ಅಂತ ಗುಂಪಿನವರು ಈಗಲೂ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಲೆಕ್ಕವೆಲ್ಲ ನೆನಪಿನಿಂದ, ಒಂದೆರಡು ದಿನ ಆಚೀಚೆ ಇರಬಹುದು.

ಅರ್ಜಿ ಹಾಕಲು ಹಿಂದಿನ ಐದು ವರ್ಷದಲ್ಲಿ 1,095 ದಿನ ಕೆನಡಾದಲ್ಲಿ ಇದ್ದಿರಬೇಕು. ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಸಿಗುವ ಮುಂಚಿನ ಒಂದೊಂದು ದಿನಕ್ಕೆ ಅರ್ಧ ದಿನದ ಲೆಕ್ಕ, ಅದೂ ಒಟ್ಟು 365 ಮೀರುವ ಹಾಗಿಲ್ಲ. ನನ್ನ ಕತೆ ಹೀಗೆ: ಸ್ಟಡಿ ಪರ್ಮಿಟ್ ಮೇಲೆ ಬಂದದ್ದು 2017ರ ಆಗಸ್ಟ್ ಕೊನೆಗೆ. ಪಿಆರ್ ಆದದ್ದು 2020ರ ಫೆಬ್ರವರಿ 12ಕ್ಕೆ. ನಡುವೆ ಮದುವೆಗೆ ಅಂತ 35 ದಿನ ಊರಿಗೆ ಹೋಗಿದ್ದೆ. ಅದನ್ನು ಕಳೆದರೂ ಅರ್ಧ ದಿನಗಳ ಪೂರ್ತಿ 365 ನನ್ನ ಕೈಲಿತ್ತು.

ಮೊದಲ ಪೆಟ್ಟು ಬಿದ್ದದ್ದು 2021ರಲ್ಲಿ. ಏಪ್ರಿಲ್ 8ಕ್ಕೆ ಮೂರು ವಾರಕ್ಕೆಂದು ನಮ್ಮೂರು ಸಾಗರಕ್ಕೆ ಹೋದೆ. ಏಪ್ರಿಲ್ 22ಕ್ಕೆ ಕೆನಡಾ ಭಾರತದ ನೇರ ವಿಮಾನಗಳನ್ನೆಲ್ಲ ನಿಲ್ಲಿಸಿತು. ಬೇರೆ ದೇಶದಲ್ಲಿ ಕೋವಿಡ್ ಟೆಸ್ಟ್ ಮಾಡಿಸಿಕೊಂಡು ಬರಬೇಕು ಅಂತ ನಿಯಮ. ಕೊನೆಗೆ ಮೆಕ್ಸಿಕೋ ಸಿಟಿಯಲ್ಲಿ ನಾಲ್ಕು ರಾತ್ರಿ ಉಳಿದು ಜುಲೈ 30ಕ್ಕೆ ಟೊರಾಂಟೊ ಮುಟ್ಟಿದೆ. ಟಿಕೆಟ್, ಹೋಟೆಲ್, ಟೆಸ್ಟ್ ಎಲ್ಲ ಸೇರಿ ಮೂರೂವರೆ ಲಕ್ಷ ರೂಪಾಯಿ ಹತ್ತಿರ ಹತ್ತಿರ ಹೋಯಿತು. ಲೆಕ್ಕದಲ್ಲಿ 112 ದಿನ ಹೋಯಿತು. ಹೊರಟ ದಿನ, ಬಂದ ದಿನ ಎರಡೂ ಕೆನಡಾದ ಲೆಕ್ಕಕ್ಕೇ ಸೇರುತ್ತವೆ, ಇಲ್ಲದಿದ್ದರೆ 114.

2022ರ ಬೇಸಿಗೆಗೆ ಅಮ್ಮನ ಎರಡೂ ಮೊಣಕಾಲಿನ ಆಪರೇಷನ್ ನಿಗದಿಯಾಯಿತು. ಆಪರೇಷನ್ ಮುಗಿಸಿ, ಅಮ್ಮ ಓಡಾಡುವ ಹಾಗಾಗಿ, ಅಡಿಕೆ ಕೊಯ್ಲು ಒಂದು ದಡ ಸೇರುವವರೆಗೆ ಅಣ್ಣನ ಜೊತೆ ಇರಬೇಕು ಅಂತ ನಿರ್ಧಾರ ಮಾಡಿದೆ. ಆಫೀಸಿನಲ್ಲಿ ಅರ್ಧ ರಜೆ, ಅರ್ಧ ಅಲ್ಲಿಂದಲೇ ಕೆಲಸ. ಹೊರಡುವ ಮುಂಚೆ ಅರ್ಜಿ ಹಾಕಿಬಿಟ್ಟರೆ ನೆಮ್ಮದಿ ಅಲ್ವಾ? ಜೂನ್ 14ಕ್ಕೆ ನನ್ನ ಲೆಕ್ಕ 1,096 ತೋರಿಸಿತು. ಅವತ್ತೇ ಸಹಿ ಹಾಕಿ, 630 ಡಾಲರ್ ಕಟ್ಟಿ ಕಳಿಸಿದೆ. ಜುಲೈ 5ಕ್ಕೆ ವಿಮಾನ ಹತ್ತಿದೆ.

ಅಲ್ಲೇ ನಾನು ಎಡವಿದ್ದು. ಹೊರಡುವ ಮುಂಚೆ ಗಡಿ ಇಲಾಖೆಯಿಂದ ನನ್ನ ಓಡಾಟದ ದಾಖಲೆ ಕೇಳಿ ಅರ್ಜಿ ಹಾಕಿದ್ದೆ. ಪ್ರೈವಸಿ ಕಾಯ್ದೆಯಡಿ ಕೇಳಿದರೆ ಅದು ಪುಕ್ಕಟೆ. ಆಗಸ್ಟ್‌ನಲ್ಲಿ ಒಂದು ರಾತ್ರಿ, ಹೊರಗೆ ಜಡಿಮಳೆ, ಅಮ್ಮನ ಕಾಲಿಗೆ ಐಸ್ ಪ್ಯಾಕ್ ಇಟ್ಟು ಪಕ್ಕದಲ್ಲೇ ಕೂತು ಫೋನಿನಲ್ಲಿ ಆ ಪಿಡಿಎಫ್ ತೆಗೆದೆ. ಒಂದೊಂದೇ ಸಾಲು ನನ್ನ ಎಕ್ಸೆಲ್ ಶೀಟಿನ ಜೊತೆ ತಾಳೆ ನೋಡುತ್ತಾ ಬಂದೆ. ಫೆಬ್ರವರಿಯ ಟೆಕ್ಸಾಸ್ ಪ್ರಯಾಣ ಇತ್ತು, ಸರಿ. ಅದರ ಮೇಲಿನ ಸಾಲು 2021ರ ನವೆಂಬರ್ 29, ವಿಂಡ್ಸರ್ ಗಡಿ. ಎದೆ ಧಸಕ್ ಅಂದಿತು. ಥ್ಯಾಂಕ್ಸ್‌ಗಿವಿಂಗ್‌ಗೆ ಗೆಳೆಯರ ಕಾರಿನಲ್ಲಿ ಶಿಕಾಗೋಗೆ ಹೋಗಿದ್ದೆವು. ಗುರುವಾರ ಹೋಗಿ ಸೋಮವಾರ ಬಂದದ್ದು. ಶುಕ್ರ, ಶನಿ, ಭಾನು, ಮೂರು ದಿನ. ಟಿಕೆಟ್ ಇಲ್ಲ, ಬೋರ್ಡಿಂಗ್ ಪಾಸ್ ಇಲ್ಲ, ಹಾಗಾಗಿ ಮೇಲ್ ಹುಡುಕುವಾಗ ಸಿಕ್ಕಿರಲಿಲ್ಲ. 1,096 ಅಲ್ಲ, 1,093. ಎರಡು ದಿನ ಕಮ್ಮಿ.

ವಿಮಾನ ಹತ್ತುವ ಹೊತ್ತಿಗೆ ನನ್ನ ಬಳಿ ನಿಜವಾಗಿ 1,115 ದಿನ ಇತ್ತು. ಅದೇ ಅರ್ಜಿಗೆ ಜುಲೈ 4ರ ರಾತ್ರಿ ಸಹಿ ಹಾಕಿದ್ದರೆ ಏನೂ ತೊಂದರೆ ಇರಲಿಲ್ಲ. ಲೆಕ್ಕ ನಿಲ್ಲುವುದು ಸಹಿಯ ತಾರೀಕಿಗೆ. ಆಮೇಲೆ ಎಷ್ಟು ದಿನ ಕೂಡಿದರೂ ಹಳೆ ಅರ್ಜಿಗೆ ಅದು ಸೇರುವುದಿಲ್ಲ. ನಾನೇ ಮೇಲ್ ಮಾಡಿ ಅರ್ಜಿ ವಾಪಸ್ ತಗೊಂಡೆ. 100 ಡಾಲರ್ ಮರಳಿ ಬಂತು, 530 ಹೋಯಿತು. ಸುಳ್ಳು ಲೆಕ್ಕ ಅಂತ ಯಾರೋ ಹಿಡಿದು ಕೇಳುವುದಕ್ಕಿಂತ ಅದು ಹೋಗಿದ್ದೇ ವಾಸಿ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಈಗ ಮುಖ್ಯ ವಿಷಯ. ಊರಲ್ಲಿ ಕೂತಿದ್ದಾಗ 1,115 ಹಾಗೇ ಇರುತ್ತದಾ, ಕರಗುತ್ತದಾ? ಗುಂಪಿನವರು ಕರಗುತ್ತದೆ ಅಂತಿದ್ದರು. ಕನ್ಸಲ್ಟೆಂಟ್ ಕೂಡ. ನಾನು ದಿನಕ್ಕೊಂದು ಸಾಲಿನಂತೆ ಐದು ವರ್ಷದ ಶೀಟ್ ಮಾಡಿದೆ, 1,826 ಸಾಲು. ಅಮ್ಮ ಮಧ್ಯಾಹ್ನ ಮಲಗಿದಾಗ ಜಗಲಿಯಲ್ಲಿ ಕೂತು ಮಾಡಿದ್ದು, ನಾಲ್ಕು ದಿನ ಹಿಡಿಯಿತು. ಐದು ವರ್ಷದ ಕಿಟಕಿ ದಿನಕ್ಕೊಂದು ಹೆಜ್ಜೆ ಮುಂದೆ ಸರಿಯುತ್ತದೆ. ಹಿಂದಿನ ತುದಿಯಲ್ಲಿ ಒಂದು ಹಳೆ ದಿನ ಉದುರುತ್ತದೆ. ನನ್ನ ಹಳೆ ದಿನಗಳು ಸ್ಟಡಿ ಪರ್ಮಿಟ್‌ನವು, ಅರ್ಧ ಬೆಲೆಯವು. ಅಂಥ ದಿನ 730ಕ್ಕಿಂತ ಜಾಸ್ತಿ ಇರುವವರೆಗೆ ಉದುರಿದರೂ ನಷ್ಟ ಇಲ್ಲ, ಯಾಕೆಂದರೆ ಅದರ ಅರ್ಧದಿಂದ 365ರ ಮಿತಿ ತುಂಬಿಯೇ ಇರುತ್ತದೆ. ನನಗೆ ಆ ಗಡಿ ಬರುವುದು 2023ರ ಜನವರಿ 8ರ ಸುಮಾರಿಗೆ. ಅಲ್ಲಿಯವರೆಗೆ ಊರಲ್ಲಿದ್ದರೂ 1,115 ಕದಲುವುದಿಲ್ಲ. ಅದಾದ ಮೇಲೆ ಊರಲ್ಲಿ ಕಳೆದ ಪ್ರತಿ ದಿನಕ್ಕೆ ಅರ್ಧ ದಿನ ನಷ್ಟ. ಕೆನಡಾದಲ್ಲಿದ್ದರೂ ಒಂದು ಸೇರಿ ಅರ್ಧ ಉದುರಿ, ಕೈಗೆ ಅರ್ಧವೇ.

ಇದು ಗೊತ್ತಾದ ಮೇಲೆ ನನಗೆ ಹುಚ್ಚು ಹಿಡಿಯಿತು. ಶೀಟಿನಲ್ಲಿ ಬೇರೆ ಬೇರೆ ತಾರೀಕು ಹಾಕಿ ನೋಡುತ್ತಿದ್ದೆ. ಹಿಂದಿನ ತುದಿ ಮದುವೆಯ ಆ 35 ದಿನಗಳ ಮೇಲೆ ಹಾದುಹೋಗುವಾಗ ಏನೂ ಉದುರುವುದಿಲ್ಲ, ಯಾಕೆಂದರೆ ಅಲ್ಲಿ ಉದುರಲಿಕ್ಕೆ ಏನೂ ಇಲ್ಲ. ಅರ್ಧ ದಿನಗಳ ಮೇಲೆ ನಿಂತಿರುವವರಿಗೆ ಊರಿಗೆ ಹೋಗಲು ಅದೇ ಒಳ್ಳೆ ಕಾಲ. ನನಗೆ ಉಪಯೋಗಕ್ಕೆ ಬರಲಿಲ್ಲ, ಆದರೆ ನಮ್ಮ ಗುಂಪಿನ ಒಬ್ಬನಿಗೆ ಬಂತು. ಗೂಗಲ್ ಟೈಮ್‌ಲೈನ್ ನಂಬಿ ಒಂದು ಲೆಕ್ಕ ಮಾಡಿದೆ, ಅದು ನಯಾಗರಾದಲ್ಲಿ ನಿಂತಿದ್ದ ನನ್ನನ್ನು ಅಮೆರಿಕದ ಬದಿಗೆ ಹಾಕಿತ್ತು. ಅದನ್ನು ಬಿಟ್ಟೆ. ಅಮೆರಿಕಕ್ಕೆ ಬಂದುಹೋದವರ ದಾಖಲೆ ಇರುವ ಐ-94 ತಾಣದಲ್ಲಿ ಓಡಾಟದ ಪಟ್ಟಿ ಪುಕ್ಕಟೆ ಸಿಗುತ್ತದೆ, ಕಾರಿನಲ್ಲಿ ಹೋದವರು ಅದನ್ನೊಮ್ಮೆ ನೋಡಿ. ನನ್ನ ಶೀಟಿನಲ್ಲಿ ಇನ್ನೊಂದು ಕಾಲಂ ಇದೆ. ತಪ್ಪು ಹಿಡಿದುಕೊಟ್ಟದ್ದು ಹೆಚ್ಚಾಗಿ ಅದೇ. ಅದನ್ನು ನನ್ನ ಹತ್ತಿರ ಬಂದು ಕೂತವರಿಗೆ ಮಾತ್ರ ತೋರಿಸುತ್ತೇನೆ.

ನವೆಂಬರ್ ಕೊನೆಗೆ ಕೊಯ್ಲು ಭರದಲ್ಲಿತ್ತು. ಗೊನೆ ಇಳಿಸುವ ಕೊನೆಗೌಡ ಮರದಿಂದ ಮರಕ್ಕೆ ವಾಲುತ್ತಿದ್ದ, ನಾನೂ ಅಣ್ಣನೂ ಕೆಳಗೆ ಗೊನೆ ಹೊರುತ್ತಿದ್ದೆವು. ಸಂಜೆ ಅಡಿಕೆ ಬೇಯುವ ಹಂಡೆ ಮುಂದೆ ಕೂತಾಗ ಅಣ್ಣ ಅಂದ, "ಬಂದವ ಬಂದಾಗಿದೆ, ಯುಗಾದಿ ಮುಗಿಸಿಕೊಂಡೇ ಹೋಗೋ." ಇರಬೇಕು ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ರಾತ್ರಿ ಶೀಟಿಗೆ ಮಾರ್ಚ್ 22 ಹಾಕಿ ನೋಡಿದೆ. ಲೆಕ್ಕ 1,078ಕ್ಕೆ ಇಳಿಯುತ್ತಿತ್ತು. ಅದನ್ನು ತುಂಬಲು, ದಿನಕ್ಕೆ ಅರ್ಧದಂತೆ, ಮತ್ತೊಂದು ತಿಂಗಳ ಮೇಲೆ ಬೇಕು. ಅದಕ್ಕಿಂತ ದೊಡ್ಡ ತಲೆನೋವು ಇನ್ನೊಂದು. ಕಳೆದ ನಾಲ್ಕು ವರ್ಷದಲ್ಲಿ ಬೇರೆ ದೇಶದಲ್ಲಿ ಒಂದೇ ಸಮನೆ 183 ದಿನ ಇದ್ದರೆ ಅಲ್ಲಿಂದ ಪೊಲೀಸ್ ಸರ್ಟಿಫಿಕೇಟ್ ತರಬೇಕು. ಜುಲೈ 5ರಿಂದ ಎಣಿಸಿದರೆ ನನಗೆ ಜನವರಿ ಮೊದಲ ವಾರ ದಾಟುವ ಹಾಗಿರಲಿಲ್ಲ. ಎರಡೂ ಗಡಿ ಒಂದೇ ವಾರದಲ್ಲಿ ಬಂದಿದ್ದವು. ಅಣ್ಣನಿಗೆ ಬಿಡಿಸಿ ಹೇಳಿದೆ, ಅವನಿಗೂ ಅರ್ಥವಾಯಿತು. ಅಮ್ಮ ಆಗಲೇ ಕೋಲು ಹಿಡಿದು ಬಚ್ಚಲಿನವರೆಗೆ ಹೋಗುತ್ತಿದ್ದಳು. ಡಿಸೆಂಬರ್ 20ಕ್ಕೆ ಮಿಸಿಸಾಗಾ ಸೇರಿದೆ.

27ಕ್ಕೆ ಸಹಿ ಹಾಕಿದೆ. ನಡುವಿನ ವಾರ ಫೋಟೋ, ಹಳೆ ಹೊಸ ಎರಡೂ ಪಾಸ್‌ಪೋರ್ಟಿನ ಖಾಲಿ ಪುಟ ಸೇರಿ ಎಲ್ಲ ಪುಟದ ಸ್ಕ್ಯಾನ್, ಇದಕ್ಕೇ ಹೋಯಿತು. ಲೆಕ್ಕ 1,122. ಇಪ್ಪತ್ತೇಳು ದಿನ ಹೆಚ್ಚುವರಿ. ಮತ್ತೆ 630 ಡಾಲರ್. ಹೆಂಡತಿಯ ಅರ್ಜಿಯನ್ನು ಜೊತೆಗೆ ಸೇರಿಸಲಿಲ್ಲ, ಅವಳು 2019ರಲ್ಲಿ ಬಂದವಳು, ಅವಳ ದಿನ ಇನ್ನೂ ತುಂಬಿರಲಿಲ್ಲ. ಒಟ್ಟಿಗೆ ಹಾಕಿದರೆ ಒಬ್ಬರ ತೊಡಕಿಗೆ ಇಬ್ಬರೂ ಕಾಯಬೇಕು.

ಸಿಟಿಜನ್‌ಶಿಪ್ ಟೆಸ್ಟ್ ಬೇಸಿಗೆಯಲ್ಲಿ ಬಂತು. 20ಕ್ಕೆ 15 ಸಾಕು, ನನಗೆ 19 ಬಂತು.

ಪ್ರಮಾಣ ವಚನದ ಕರೆ ಬಂದದ್ದು 2023ರ ಸೆಪ್ಟೆಂಬರ್ ಕೊನೆಗೆ, ಸಮಾರಂಭ ಅಕ್ಟೋಬರ್‌ನಲ್ಲಿ. ಅದಕ್ಕೆ ಕೆಲವೇ ದಿನ ಮುಂಚೆ, ಸೆಪ್ಟೆಂಬರ್ 21ಕ್ಕೆ, ಭಾರತ ಕೆನಡಾದವರಿಗೆ ವೀಸಾ ಕೊಡುವುದನ್ನು ನಿಲ್ಲಿಸಿತ್ತು. ಪ್ರಮಾಣ ಮಾಡಿದ ಕ್ಷಣಕ್ಕೆ ಭಾರತದ ಪಾಸ್‌ಪೋರ್ಟ್ ನಡೆಯುವುದಿಲ್ಲ. ವೀಸಾ ಇಲ್ಲದೆ ಹೋಗಿಬರಲು ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಕೈಗೆ ಬರಲು ವಾರಗಟ್ಟಲೆ. ವೀಸಾ ಇಲ್ಲ. ಆ ವರ್ಷದ ಕೊಯ್ಲಿಗೆ ಬರುತ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ. ಗುಂಪಿನಲ್ಲಿ ಮತ್ತೆ ಅದೇ ಹಾಡು: "ಸಿಕ್ಕಿದ ತಾರೀಕು ಬಿಡಬೇಡ, ಫೈಲ್ ಮೂಲೆಗೆ ಬೀಳುತ್ತೆ." ನಾನು ತಾರೀಕು ಮುಂದೂಡಿ ಅಂತ ಪತ್ರ ಬರೆದೆ. ಕಾರಣ ನಿಜವಾದದ್ದೇ ಕೊಟ್ಟೆ, ದಾಖಲೆ ಜೊತೆಗಿಟ್ಟೆ. ಪತ್ರದ ಮೊದಲ ಎರಡು ಸಾಲು ಹೇಗಿರಬೇಕು ಅನ್ನುವುದು ಮುಖ್ಯ, ಅದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಒಪ್ಪಿದರು. ಭಾರತದ ಪಾಸ್‌ಪೋರ್ಟ್, ಪಿಆರ್ ಕಾರ್ಡ್ ಹಿಡಿದುಕೊಂಡು ಎಂಟು ವಾರ ಊರಿಗೆ ಹೋಗಿ ಬಂದೆ. ನಾನಲ್ಲಿದ್ದಾಗಲೇ, ನವೆಂಬರ್ 22ಕ್ಕೆ, ಇ-ವೀಸಾ ಮತ್ತೆ ಶುರುವಾಯಿತು. ಅಕ್ಟೋಬರ್‌ನಲ್ಲಿ ಅದು ಯಾರಿಗೆ ಗೊತ್ತಿತ್ತು?

ಹೊಸ ತಾರೀಕು 2024ರ ಜನವರಿಗೆ ಬಂತು, ಝೂಮ್‌ನಲ್ಲಿ. ಕತ್ತರಿ ಪಕ್ಕದಲ್ಲಿಟ್ಟುಕೊಳ್ಳಿ ಅಂದಿದ್ದರು. ಕ್ಯಾಮೆರಾ ಮುಂದೆ ಪಿಆರ್ ಕಾರ್ಡ್ ಹಿಡಿದು ಕತ್ತರಿಸಿದೆ. ಗಟ್ಟಿ ಪ್ಲಾಸ್ಟಿಕ್, ಎರಡು ಸಲ ಒತ್ತಬೇಕಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಣ್ಣು ತುಂಬಿತ್ತು. ಮಾರನೇ ದಿನದಿಂದಲೇ ಹಳೆ ಪಾಸ್‌ಪೋರ್ಟ್ ಸರೆಂಡರ್, ಒಸಿಐ ಕೆಲಸ ಹಿಡಿದೆ.

ಎಲ್ಲ ಕೂಡಿಸಿದರೆ ಎರಡು ಸಲದ ಫೀಸು, ಕನ್ಸಲ್ಟೆಂಟ್, ಫೋಟೋ ಸೇರಿ 1,400 ಡಾಲರ್ ಆಗಿರಬಹುದು. ಶಿಕಾಗೋದ ಆ ಮೂರು ದಿನ ನೆನಪಿದ್ದಿದ್ದರೆ 530 ಉಳಿಯುತ್ತಿತ್ತು. ಗುಂಪಿನಲ್ಲಿ ಮೊದಲು ಬೇಡ ಅಂದವನೇ ಹೋದ ಶನಿವಾರ ಆಟ ಮುಗಿದ ಮೇಲೆ ಲ್ಯಾಪ್‌ಟಾಪ್ ತಂದು ನನ್ನ ಪಕ್ಕ ಕೂತ. ಅವನ ಮಾವನಿಗೆ ಹುಷಾರಿಲ್ಲ, ಮುಂದಿನ ತಿಂಗಳು ಹೊರಡಬೇಕು. ಅವನ ಲೆಕ್ಕ 1,101 ಬಂತು. "ಕಾರಿನಲ್ಲಿ ಗಡಿ ದಾಟಿ ಎಲ್ಲಾದರೂ ಹೋಗಿದ್ದೆಯಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಬಫಲೋ, ಒಂದು ಮದುವೆಗೆ" ಅಂದ. ಎಕ್ಸೆಲ್ ಮತ್ತೆ ತೆಗೆದೆವು.