ತಗಡು, ಟೈಲ್ಸ್, ಫ್ರಿಜ್: ಉಪ್ಪುಗಾಳಿಯ ಮನೆಯಲ್ಲಿ ಬಣ್ಣ ನಿಲ್ಲಿಸಿದ ನನ್ನ ಅನುಭವ

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಹಿಂಬದಿಯ ಮಾಡಿಗೆ ಸತುವಿನ ಲೇಪವಿರುವ ತಗಡು ಹೊದಿಸಿದ್ದೇವೆ. ಅದಕ್ಕೆ ನಾನೇ ಹಚ್ಚಿದ್ದ ಹಸಿರು ಎನಾಮಲ್ ಬಣ್ಣ ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಹಾಳೆಹಾಳೆಯಾಗಿ ಎದ್ದು ಬಂತು. ತಗಡು ತುಕ್ಕು ಹಿಡಿದಿರಲಿಲ್ಲ, ಬಣ್ಣವೂ ಕಳಪೆಯದಾಗಿರಲಿಲ್ಲ. ಕಿಟಕಿಯ ಕಬ್ಬಿಣದ ಸರಳುಗಳ ಮೇಲೆ ಅದೇ ಡಬ್ಬಿಯ ಬಣ್ಣ ಗಟ್ಟಿಯಾಗಿಯೇ ನಿಂತಿತ್ತು. ಕಾರಣವನ್ನು ಹುಡುಕಿದಾಗ ತಿಳಿದದ್ದೇನೆಂದರೆ, ಸಾಮಾನ್ಯ ಎನಾಮಲ್‌ನಲ್ಲಿರುವ ಎಣ್ಣೆಯ ಅಂಶವು ತೇವದ ಜೊತೆಗೆ ಸತುವಿನೊಂದಿಗೆ ವರ್ತಿಸಿ, ಬಣ್ಣದ ಅಡಿಯಲ್ಲಿ ಸಾಬೂನಿನಂಥ ತೆಳುವಾದ ಪದರವನ್ನು ಉಂಟುಮಾಡುತ್ತದೆ. ಆ ಪದರದ ಮೇಲೆ ಕುಳಿತ ಬಣ್ಣಕ್ಕೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಮರಕ್ಕೂ ಗೋಡೆಗೂ ಬಣ್ಣ ಹಚ್ಚಿ ಕಲಿತ ಕೈಗೆ ಈ ಸಂಗತಿ ಹೊಳೆಯುವುದು ಕಷ್ಟ, ಏಕೆಂದರೆ ಅವೆರಡೂ ಬಣ್ಣವನ್ನು ಹೀರಿಕೊಳ್ಳುತ್ತವೆ. ತಗಡು, ಗಾಜಿನಂಥ ಟೈಲ್ಸ್, ಪ್ಲಾಸ್ಟಿಕ್ ಯಾವುದೂ ಹೀರುವುದಿಲ್ಲ.

ಮರುವರ್ಷ ಡಿಸೆಂಬರ್‌ನಲ್ಲಿ, ಮಳೆಯ ತೇವವೆಲ್ಲ ಆರಿದ ಮೇಲೆ, ಮೊದಲಿನಿಂದ ಆರಂಭಿಸಿದೆ. ಹಳೆಯ ಬಣ್ಣವನ್ನು ಪಟ್ಟಿಯಿಂದ ಕೆರೆದು ತೆಗೆಯುತ್ತಿದ್ದಾಗ, ಬೈತಖೋಲ ಬಂದರಿನಲ್ಲಿ ದೋಣಿಗಳಿಗೆ ಬಣ್ಣ ಹಚ್ಚುವ ಪರಿಚಯಸ್ಥರೊಬ್ಬರು ಬಂದು, "ಮಾಸ್ತರೇ, ಮೊದಲು ಉಪ್ಪು ತೊಳೆಯಿರಿ, ಬಣ್ಣ ಆಮೇಲೆ" ಎಂದರು. ಕಡಲಗಾಳಿ ತರುವ ಉಪ್ಪು ಕಣ್ಣಿಗೆ ಕಾಣಿಸುವುದಿಲ್ಲ, ಆದರೆ ಅದು ಗಾಳಿಯ ತೇವವನ್ನು ಸೆಳೆಯುತ್ತದೆ. ಬಣ್ಣದ ಅಡಿಯಲ್ಲಿ ಸಿಕ್ಕಿಕೊಂಡ ಉಪ್ಪು ಅಲ್ಲಿಯೂ ನೀರನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಆದ್ದರಿಂದ ಬಟ್ಟೆ ತೊಳೆಯುವ ಪುಡಿ ಹಾಕಿದ ನೀರಿನಿಂದ ತಗಡನ್ನು ಉಜ್ಜಿ, ಬಾವಿಯ ಸಿಹಿನೀರಿನಿಂದ ಎರಡು ಬಾರಿ ತೊಳೆದೆ. ತಗಡಿನ ಮೇಲೆ ಸುರಿದ ನೀರು ಹನಿಹನಿಯಾಗಿ ಒಡೆಯದೆ ಒಂದೇ ಪೊರೆಯಾಗಿ ಹರಡಿಕೊಂಡರೆ ಜಿಡ್ಡು ಹೋಗಿದೆಯೆಂದು ಅರ್ಥ. ಈ ಪರೀಕ್ಷೆಗೆ ಒಂದು ಲೋಟ ನೀರು ಸಾಕು. ಆನಂತರ ಸತುವಿನ ಮೇಲೆ ಹಚ್ಚಲೆಂದೇ ತಯಾರಿಸುವ, ಲೋಹದ ಮೈಯನ್ನು ತುಸು ಕೊರೆದು ಕಚ್ಚಿಕೊಳ್ಳುವ ಎಚ್ (etch) ಪ್ರೈಮರನ್ನು ಒಂದೇ ಕೈ, ಬಹಳ ತೆಳ್ಳಗೆ ಹಚ್ಚಿ, ಮೇಲೆ ಎನಾಮಲ್‌ಗೆ ಬದಲು ನೀರಿನಲ್ಲಿ ಕರಗಿಸುವ ಅಕ್ರಿಲಿಕ್ ಬಣ್ಣವನ್ನು ಎರಡು ಕೈ ಬಳಿದೆ. ಈ ಪ್ರೈಮರನ್ನು ದಪ್ಪವಾಗಿ ಹಚ್ಚಿದರೆ ಹಿಡಿತ ಹೆಚ್ಚುವುದರ ಬದಲು ಕಡಿಮೆಯಾಗುತ್ತದೆ. ಬೆಳಗಿನ ಇಬ್ಬನಿ ತಗಡಿನ ಮೇಲಿಂದ ಪೂರ್ತಿ ಆರಿದ ಬಳಿಕವೇ ಬ್ರಶ್ ಹಿಡಿಯುತ್ತಿದ್ದೆ, ಇಳಿಹೊತ್ತಿಗೆ ಮುಂಚೆಯೇ ಕೆಲಸ ನಿಲ್ಲಿಸುತ್ತಿದ್ದೆ.

ಅದಾದ ಮೇಲೆ ನನಗೆ ಧೈರ್ಯ ಬಂದದ್ದರಿಂದ, ಕೆಳಭಾಗದಲ್ಲಿ ತುಕ್ಕು ಹಿಡಿದಿದ್ದ ಫ್ರಿಜ್ಜಿನ ಬಾಗಿಲನ್ನು ಕೈಗೆತ್ತಿಕೊಂಡೆ. ಪ್ಲಗ್ ಕಿತ್ತು, ರಬ್ಬರಿನ ಅಂಚಿಗೂ ಹಿಡಿಕೆಗೂ ಟೇಪ್ ಅಂಟಿಸಿ, ತುಕ್ಕನ್ನು 120ರ ಉಜ್ಜುಕಾಗದದಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಲೋಹ ಕಾಣುವವರೆಗೆ ಉಜ್ಜಿದೆ. ಹಳೆಯ ಬಣ್ಣದ ಅಂಚು ಬೆರಳಿಗೆ ತಾಗದಂತೆ 320 ಮತ್ತು 400ರ, ನೀರು ಹಾಕಿ ಉಜ್ಜುವ ಕಾಗದದಿಂದ ನಯಗೊಳಿಸಿದೆ. ತುಕ್ಕು ತಡೆಯುವ ಜಿಂಕ್ ಫಾಸ್ಫೇಟ್ ಪ್ರೈಮರ್ ಹಚ್ಚಿದ್ದು ಲೋಹ ಕಂಡ ಜಾಗಕ್ಕೆ ಮಾತ್ರ. ಸ್ಪ್ರೇ ಡಬ್ಬಿಯಿಂದ ಬಣ್ಣ ಹೊಡೆದ ದಿನ ಮೋಡ ಕವಿದಿತ್ತು, ಬಣ್ಣದ ಮೇಲೆ ಹಾಲಿನಂಥ ಮಸುಕು ಮೂಡಿತು. ಬಣ್ಣದಲ್ಲಿರುವ ಥಿನ್ನರ್ ಬೇಗನೆ ಆವಿಯಾಗುವಾಗ ಬಣ್ಣದ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕುಳಿತುಕೊಳ್ಳುತ್ತದೆ. ಗಾಳಿಯ ತೇವಾಂಶ ಶೇಕಡಾ 85 ದಾಟಿದಾಗ ಬಣ್ಣ ಹಚ್ಚಬಾರದೆಂಬ ನಿಯಮ ಇರುವುದು ಇಂಥ ತೊಂದರೆಗಳಿಗಾಗಿಯೇ. ಬಿಸಿಲು ಬಂದ ಮೇಲೆ ಹಗುರವಾಗಿ ಉಜ್ಜಿ, ಮತ್ತೆ ತೆಳುವಾಗಿ ಮೂರು ಬಾರಿ ಹೊಡೆದೆ. ಹಿಂಬದಿಯ ಕಪ್ಪು ಕೊಳವೆಗಳು ಶಾಖವನ್ನು ಹೊರಹಾಕಬೇಕಾದವು, ಅವುಗಳನ್ನು ಮುಟ್ಟಲಿಲ್ಲ.

ಬಚ್ಚಲುಮನೆಯ ಗೋಡೆಯ ಟೈಲ್ಸ್‌ಗೆ ಹಿಡಿದಷ್ಟು ತಾಳ್ಮೆ ಬೇರಾವುದಕ್ಕೂ ಹಿಡಿಯಲಿಲ್ಲ. ಸಾಬೂನಿನ ಬಿಳಿ ಕಲೆಯನ್ನು ವಿನೆಗರಿನಿಂದ ತೆಗೆದು ಚೆನ್ನಾಗಿ ತೊಳೆದೆ. ಮೂಲೆಗಳ ಸಂದಿಗೆ ತುಂಬಿದ್ದ ಸಿಲಿಕೋನ್ ಅಂಟನ್ನು ಬ್ಲೇಡಿನಿಂದ ಪೂರ್ತಿ ಕತ್ತರಿಸಿ ತೆಗೆದೆ, ಏಕೆಂದರೆ ಅದರ ಸಣ್ಣ ಅಂಶ ಉಳಿದರೂ ಬಣ್ಣ ಅಲ್ಲಿಂದ ಸರಿದು ಕುಳಿ ಬೀಳುತ್ತದೆ. ನಂತರ 220ರ ಕಾಗದವನ್ನು ನೀರಿನಲ್ಲಿ ಅದ್ದಿ, ಟೈಲ್ಸಿನ ಹೊಳಪು ಪೂರಾ ಮಂಕಾಗುವವರೆಗೆ ಉಜ್ಜಿದೆ. ಆರಡಿ ಅಗಲದ ಗೋಡೆಗೆ ಎರಡು ದಿನ ಬೇಕಾಯಿತು, ಆದರೆ ಈ ಹಂತದಲ್ಲಿ ಉಳಿಸಿದ ಶ್ರಮವೆಲ್ಲ ಮುಂದೆ ಸಿಪ್ಪೆಯಾಗಿ ಏಳುತ್ತದೆ. ಬಳಸಿದ್ದು ಎರಡು ಡಬ್ಬಿಗಳಲ್ಲಿ ಬರುವ ಎಪಾಕ್ಸಿ. ಎರಡನೆಯ ಡಬ್ಬಿಯಲ್ಲಿರುವ, ಬಣ್ಣವನ್ನು ಗಟ್ಟಿಗೊಳಿಸುವ ಹಾರ್ಡನರ್ ಬೆರೆಸಿದ ಕ್ಷಣದಿಂದಲೇ ಅದು ಗಟ್ಟಿಯಾಗತೊಡಗುವುದರಿಂದ, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಅಳೆದು, ಅರ್ಧ ಗಂಟೆಯಲ್ಲಿ ಮುಗಿಯುವಷ್ಟನ್ನೇ ಕಲಸಿಕೊಳ್ಳುತ್ತಿದ್ದೆ. ಅದರ ಆವಿಗೆ ಬಟ್ಟೆಯ ಮುಖಗವಸು ಯಾವ ತಡೆಯೂ ಅಲ್ಲ. ಇದ್ದಿಲಿನ ಫಿಲ್ಟರ್ ಇರುವ ಮಾಸ್ಕನ್ನೇ ಧರಿಸಿ, ಕಿಟಕಿ ತೆರೆದಿಟ್ಟು, ಫ್ಯಾನು ಹಚ್ಚಿಟ್ಟಿದ್ದೆ. ಏಳು ದಿನ ಆ ಬಚ್ಚಲಿಗೆ ನೀರು ತಾಗಿಸಲಿಲ್ಲ, ಮನೆಯವರೆಲ್ಲ ಬಾವಿಕಟ್ಟೆಯ ಬಳಿಯ ಹಳೆಯ ಬಚ್ಚಲಿನಲ್ಲಿ ಸ್ನಾನ ಮಾಡಿದರು. ಎಂಟನೆಯ ದಿನ ಬಣ್ಣದ ಹಿಡಿತ ಪರೀಕ್ಷಿಸಲು ಬಾಗಿಲ ಹಿಂದಿನ ಟೈಲ್ಸಿನ ಮೇಲೆ ಬ್ಲೇಡಿನಿಂದ ಅಡ್ಡ ಆರು, ಉದ್ದ ಆರು ಗೆರೆ ಕೊಯ್ದು, ಟೇಪ್ ಒತ್ತಿ ಅಂಟಿಸಿ ಕಿತ್ತೆ. ಒಂದು ಚೌಕವೂ ಏಳಲಿಲ್ಲ. ನೆಲದ ಟೈಲ್ಸ್‌ಗೆ ಬಣ್ಣ ಹಚ್ಚಬೇಡಿ ಎಂದೇ ಹೇಳುತ್ತೇನೆ, ಕಾಲಿನ ಮರಳು ಅದನ್ನು ದಿನವೂ ಸವೆಸುತ್ತದೆ.

ಪ್ಲಾಸ್ಟಿಕ್ಕಿನಲ್ಲಿ ಮೊದಲು ಗುರುತಿಸಬೇಕಾದದ್ದು ಅದು ಯಾವ ಪ್ಲಾಸ್ಟಿಕ್ ಎಂಬುದನ್ನು. ಮಳೆನೀರಿನ ಪಿವಿಸಿ ಪೈಪಿನ ಚೂರನ್ನು ನೀರಿಗೆ ಹಾಕಿದರೆ ಮುಳುಗುತ್ತದೆ, ಜಗಲಿಯ ಕುರ್ಚಿಯ ಪಾಲಿಪ್ರೊಪಿಲೀನ್ ಚೂರು ತೇಲುತ್ತದೆ. ಪಿವಿಸಿಯನ್ನು ಉಜ್ಜಿ, ಒರೆಸಿ, ತಿಳಿಬಣ್ಣದ ಅಕ್ರಿಲಿಕ್ ಹಚ್ಚಿದರೆ ಬಣ್ಣವೂ ನಿಲ್ಲುತ್ತದೆ, ಬಿಸಿಲಿಗೆ ಪೈಪ್ ಪೆಡಸಾಗುವುದೂ ತಡವಾಗುತ್ತದೆ. ಗಾಢ ಬಣ್ಣ ಹಚ್ಚಿದರೆ ಪೈಪ್ ಕಾದು ಬಾಗಬಹುದು. ತೇಲುವ ಜಾತಿಯ ಪ್ಲಾಸ್ಟಿಕ್ಕಿಗೆ ಹಿಡಿತ ಕೊಡುವ ವಿಶೇಷ ಪ್ರೈಮರ್ ಬೇಕು. ಅದಿಲ್ಲದೆ ಉಜ್ಜಿ ಹಚ್ಚಿ ನೋಡಿದ ಬಣ್ಣ ಉಗುರಿನಿಂದಲೇ ಕಿತ್ತುಬಂದದ್ದರಿಂದ ಉಳಿದ ಕುರ್ಚಿಗಳನ್ನು ಹಾಗೆಯೇ ಬಿಟ್ಟೆ.

ಹಳೆಯ ಮನೆಗಳ ಕಿಟಕಿ ಸರಳು, ಕಬ್ಬಿಣದ ಕಪಾಟುಗಳನ್ನು ಉಜ್ಜುವವರಿಗೆ ಒಂದು ಮಾತು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಹಾಕಿ ಉಜ್ಜಿ, ಕೊಳೆಯನ್ನು ಬಟ್ಟೆಯಿಂದ ಎತ್ತಿ ತೆಗೆಯಿರಿ, ಮಕ್ಕಳನ್ನು ಆ ಕೋಣೆಯಿಂದ ದೂರವಿಡಿ.

ತಗಡಿನ ಬಣ್ಣ ಈಗ ನಾಲ್ಕು ಮಳೆಗಾಲ ಕಂಡಿದೆ. ಮಳೆ ನಿಂತ ಮೇಲೆ ಕಡಲಿನ ಉಪ್ಪು ಮತ್ತೆ ಕೂರತೊಡಗುವುದರಿಂದ, ಅಕ್ಟೋಬರಿನಿಂದ ಬೇಸಿಗೆಯ ಕೊನೆಯವರೆಗೆ ತಿಂಗಳಿಗೊಮ್ಮೆ ಅದರ ಮೇಲೆ ಸಿಹಿನೀರು ಹಾಯಿಸುತ್ತೇನೆ. ಬಚ್ಚಲಿನಲ್ಲಿ ನಲ್ಲಿಯ ಕೆಳಗೆ ತಾಮ್ರದ ಕೊಡ ತಗುಲಿ ಎದ್ದ ಎರಡು ಚಕ್ಕೆಗಳನ್ನು, ಉಳಿಸಿಟ್ಟಿದ್ದ ಎಪಾಕ್ಸಿಯಿಂದ ಹೋದ ತಿಂಗಳು ಸರಿಪಡಿಸಿದೆ.