ಬೋಟಿನ ಎಂಜಿನ್ ಬೋಲ್ಟು: ಬಿಗಿಯೋಕಿಂತ ತೊಳೆಯೋ ಕೆಲಸವೇ ಜಾಸ್ತಿ

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆಯಲ್ಲಿ ಟ್ರಾಲ್ ಬೋಟುಗಳ ಡೀಸೆಲ್ ಎಂಜಿನ್ ಪೂರ್ತಿ ಬಿಚ್ಚೋಕೆ ಸಿಗುವ ಸಮಯ ಅದೇ. ಎಂಜಿನ್ನಿನ ಮೇಲಿನ ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಲಾರಿಯಲ್ಲಿ ಹೋದರೆ ರಸ್ತೆ ಬದಿಗೆ ನಿಲ್ಲಿಸಬಹುದು. ಕಡಲಲ್ಲಿ ಹೋದರೆ ಇನ್ನೊಂದು ಬೋಟು ಬಂದು ದಕ್ಕೆಗೆ ಎಳೆದು ತರಬೇಕು. ಹಾಗಾಗಿ ಬೋಲ್ಟಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಬಿಗಿದ ಬೋಲ್ಟು ಸ್ಪ್ರಿಂಗಿನ ಹಾಗೆ ಚೂರು ಹಿಗ್ಗಿರುತ್ತದೆ. ಹೆಡ್ಡನ್ನು ಬ್ಲಾಕಿಗೆ ಒತ್ತಿ ಹಿಡಿಯೋದು ಆ ಎಳೆತವೇ. ಆದರೆ ನಾವು ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಎಳೆತಕ್ಕೆ ಹೋಗುತ್ತದೆ. ಉಳಿದದ್ದೆಲ್ಲ ಥ್ರೆಡ್ಡಿನ (ಬೋಲ್ಟಿನ ಸುರುಳಿ ಗೆರೆಗಳ) ಮತ್ತು ಬೋಲ್ಟಿನ ತಲೆಯ ಅಡಿಯ ಘರ್ಷಣೆ ತಿಂದು ಹಾಕುತ್ತದೆ. ಉಪ್ಪು, ತುಕ್ಕು ಕೂತ ಥ್ರೆಡ್ ಇನ್ನೂ ಜಾಸ್ತಿ ತಿನ್ನುತ್ತದೆ. ಆಗ ಟಾರ್ಕ್ ರೆಂಚ್, ಅಂದರೆ ಹೊಂದಿಸಿಟ್ಟಷ್ಟು ತಿರುಗಿಸುವ ಬಲ (ಟಾರ್ಕ್) ಬಂದಾಗ ಸದ್ದು ಮಾಡುವ ಪಾನ, ಟಕ್ ಅನ್ನುತ್ತದೆ, ಬೋಲ್ಟು ಮಾತ್ರ ಸಡಿಲವೇ.

ಅದಕ್ಕೇ ನನ್ನ ಅರ್ಧ ಸಮಯ ತೊಳೆಯೋದಕ್ಕೆ ಹೋಗುತ್ತದೆ. ಬೋಲ್ಟುಗಳನ್ನು ಡೀಸೆಲಿನಲ್ಲಿ ನೆನೆಸಿ ವೈರ್ ಬ್ರಷ್ ಹಾಕುತ್ತೇನೆ. ಬ್ಲಾಕಿನ ತೂತಿಗೆ ಥ್ರೆಡ್ ಬಿಡಿಸುವ ಟ್ಯಾಪನ್ನು ಕೈಯಲ್ಲೇ ಮೆತ್ತಗೆ ಇಳಿಸಿ, ಗಾಳಿ ಹೊಡೆದು, ಟಾರ್ಚ್ ಬಿಟ್ಟು ತಳ ನೋಡುತ್ತೇನೆ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಬೋಲ್ಟು ಇಳಿದಾಗ ಅದಕ್ಕೆ ಹೊರಗೆ ಬರೋಕೆ ದಾರಿಯಿಲ್ಲ. ಬ್ಲಾಕೇ ಬಿರಿಯಬಹುದು. ಕೆಲವು ಎಂಜಿನ್‌ಗಳಲ್ಲಿ ಹೆಡ್ ಬೋಲ್ಟಿನ ತೂತು ಎಂಜಿನ್ ತಂಪು ಮಾಡುವ ನೀರಿನ ಜಾಕೆಟ್ಟಿಗೆ ತೆರೆದಿರುತ್ತದೆ. ಅಂಥ ಬೋಲ್ಟಿಗೆ ಸೀಲೆಂಟ್ ಬೇಕೇ ಬೇಕು.

ಎಣ್ಣೆ ಹಚ್ಚಬೇಕಾ, ಒಣಗಿದ್ದೇ ಇರಬೇಕಾ? ಆ ಎಂಜಿನ್ನಿನ ಮ್ಯಾನ್ಯುಯಲ್ ಹೇಳಿದ ಹಾಗೆ. ಒಣ ಥ್ರೆಡ್ಡಿಗೆ ಕೊಟ್ಟ ಟಾರ್ಕ್ ಅಳತೆಯನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಹಾಕಿದರೆ ಅದು ಬೇಕಾದ್ದಕ್ಕಿಂತ ಹಿಗ್ಗುತ್ತದೆ. ಉಪ್ಪಿಗೆ ಹಿಡಿಯಬಾರದು ಅಂತ ಕೆಲವರು ಸಿಕ್ಕ ಸಿಕ್ಕ ಬೋಲ್ಟಿಗೆಲ್ಲ ಕಾಪರ್ ಗ್ರೀಸ್ ಬಳಿಯುತ್ತಾರೆ. ಹೊಗೆ ಹೋಗುವ ಮ್ಯಾನಿಫೋಲ್ಡಿಗೆ ಸರಿ, ಹೆಡ್ಡಿಗೆ ಸುಮ್ನೆ ಹಚ್ಚಬಾರದು.

ಟಾರ್ಕಿನ ಯೂನಿಟ್ಟನ್ನೂ ನೋಡಬೇಕು. 100 ಪೌಂಡ್-ಅಡಿ ಅಂದರೆ ಸುಮಾರು 136 ನ್ಯೂಟನ್ ಮೀಟರ್, ಅಥವಾ 13.8 ಕೆಜಿ-ಮೀಟರ್. ಮ್ಯಾನ್ಯುಯಲ್ ಒಂದರಲ್ಲಿ, ರೆಂಚ್ ಇನ್ನೊಂದರಲ್ಲಿ ಇರೋದು ನಮ್ಮಲ್ಲಿ ಮಾಮೂಲಿ. ನಾನು ಬಿಗಿಯುವ ಮೊದಲೇ ಲೆಕ್ಕ ಹಾಕಿ ಎಂಜಿನ್ ಪಕ್ಕದ ಹಲಗೆಯ ಮೇಲೆ ಚಾಕ್‌ನಲ್ಲಿ ಬರೆದಿಡುತ್ತೇನೆ.

ಹೆಡ್ಡು ಬಿಗಿಯೋದು ನಡುವಿನಿಂದ ಹೊರಗೆ, ಮ್ಯಾನ್ಯುಯಲ್ಲಿನ ನಂಬರಿನ ಪ್ರಕಾರ, ಹಂತ ಹಂತವಾಗಿ. ಕೊನೆಯ ಅಳತೆ 150 ನ್ಯೂಟನ್ ಮೀಟರ್ ಇದ್ದು ಹಂತ ಬೇರೆ ಹೇಳಿಲ್ಲದಿದ್ದರೆ 50, 100, 150 ಅಂತ ಮೂರು ಸುತ್ತು ಹೋಗುತ್ತೇನೆ. ರೆಂಚನ್ನು ಒಂದೇ ಸಮನೆ ಎಳೆಯಬೇಕು. ನಡುವೆ ನಿಂತು ಮತ್ತೆ ಎಳೆದರೆ, ಬೋಲ್ಟು ಅಲುಗಾಡುವ ಮೊದಲೇ ಟಕ್ ಅಂದುಬಿಡಬಹುದು. ಹಾಗಾದರೆ ಸ್ವಲ್ಪ ಸಡಿಲಿಸಿ ಮತ್ತೆ ಎಳೆಯುತ್ತೇನೆ. ಈ ಹೊತ್ತಿಗೆ ಬೋಟು ನಡೆಸುವ ತಾಂಡೇಲರು ಇಣುಕಿ, "ಇನ್ನೊಂದು ಚೂರು ಎಳೀರಿ ಮಾರಾಯ್ರೇ, ಗಟ್ಟಿ ಇರ್ಲಿ" ಅನ್ನೋದುಂಟು. ಟಕ್ ಅಂದ ಮೇಲೆ ಎಳೆಯೋದಿಲ್ಲ. ಮುಗಿದ ಬೋಲ್ಟಿನ ತಲೆಗೆ ಪೇಂಟಿನ ಒಂದು ಗೆರೆ ಹಾಕುತ್ತೇನೆ.

ಟಾರ್ಕ್ ಆದ ಮೇಲೆ ಇಷ್ಟು ಡಿಗ್ರಿ ಅಂತ ಲೆಕ್ಕದಲ್ಲಿ ತಿರುಗಿಸುವ ಬೋಲ್ಟುಗಳನ್ನು ಎಷ್ಟೋ ಎಂಜಿನ್‌ಗಳಲ್ಲಿ ಎರಡನೇ ಸಲ ಬಳಸುವ ಹಾಗಿಲ್ಲ. ಮಾಲಕರಿಗೆ ಖರ್ಚು ಅನಿಸಿದರೂ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಬೋಲ್ಟನ್ನಂತೂ ನಾನು ಹೊಸದೇ ಹಾಕುತ್ತೇನೆ. ಅದು ತುಂಡಾದರೆ ರಾಡು ಬ್ಲಾಕನ್ನೇ ಒಡೆದು ಹೊರಗೆ ಬರುತ್ತದೆ.

ಕೊನೆಗೆ ಉಳಿಯೋದು ಗೇರ್‌ಬಾಕ್ಸಿಗೂ ಪ್ರೊಪೆಲ್ಲರ್ ಶಾಫ್ಟಿಗೂ ನಡುವಿನ ಜೋಡಣೆ, ಕಪ್ಲಿಂಗ್. ದಡದ ಮೇಲಿದ್ದಾಗ ಅದರ ಬೋಲ್ಟುಗಳನ್ನು ಕೈಯಲ್ಲಷ್ಟೇ ಕೂರಿಸುತ್ತೇನೆ. ನೀರಿಗೆ ಇಳಿದ ಮೇಲೆ ಬೋಟಿನ ಮೈ ಚೂರು ಬಾಗುತ್ತದೆ, ದಡದಲ್ಲಿ ಹಿಡಿದ ಲೈನ್ ತಪ್ಪುತ್ತದೆ. ಬೋಟು ತೇಲಲು ಬಿಟ್ಟು, ಮಾರನೇ ದಿನ ಕಪ್ಲಿಂಗಿನ ಸಂದಿ ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್ ಹಾಕುತ್ತೇನೆ. 4 ಇಂಚಿನ ಕಪ್ಲಿಂಗಿಗೆ ಸುತ್ತಲೂ ಸಂದಿಯ ವ್ಯತ್ಯಾಸ 0.1 ಮಿಲಿಮೀಟರ್ ದಾಟದಂತೆ ಎಂಜಿನ್ ಕೂರುವ ಮೌಂಟ್ ಸರಿಪಡಿಸುತ್ತೇನೆ. ಆಮೇಲೇ ಮೌಂಟಿಗೂ ಕಪ್ಲಿಂಗಿಗೂ ಪೂರ್ತಿ ಟಾರ್ಕ್.