ಇಮ್ಯಾಕ್ಸ್ ಕ್ಯಾಲೆಂಡರಿಗೆ ನಮ್ಮ ರಜೆಗಳು

ಕಾಸರಗೋಡಿನ ಗೆಳೆಯರೇ, ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕ (ಟೆಕ್ಸ್ಟ್ ಎಡಿಟರ್) ಬಳಸುವವರಿಗೆ ಒಂದು ಸಲಹೆ. ಅದರೊಳಗಿನ ಕ್ಯಾಲೆಂಡರಿನಲ್ಲಿ ಅಮೆರಿಕದ ರಜೆಗಳು ಮೊದಲೇ ಇವೆ, ನಮ್ಮವು ಇಲ್ಲ. ನಾವೇ ಸೇರಿಸಬೇಕು.

ನಿಮ್ಮ ಇನಿಟ್ ಫೈಲಿನಲ್ಲಿ (ಇಮ್ಯಾಕ್ಸ್ ತೆರೆಯುವಾಗ ಓದುವ ಸೆಟ್ಟಿಂಗ್ ಫೈಲ್) 'ಹಾಲಿಡೇ-ಲೋಕಲ್-ಹಾಲಿಡೇಸ್' ಎಂಬ ಪಟ್ಟಿಯನ್ನು ತುಂಬಿಸಿ. ಒಂದೊಂದು ರಜೆಗೂ 'ಹಾಲಿಡೇ-ಫಿಕ್ಸ್‌ಡ್', ತಿಂಗಳು, ತಾರೀಕು, ಕೊನೆಗೆ ಹೆಸರು. ತಿಂಗಳು ಮೊದಲು ಬರಬೇಕು, ಇದನ್ನು ಮರೆಯಬೇಡಿ. ಸ್ವಾತಂತ್ರ್ಯ ದಿನಕ್ಕೆ 8 15, ಗಣರಾಜ್ಯೋತ್ಸವಕ್ಕೆ 1 26, ಗಾಂಧಿ ಜಯಂತಿಗೆ 10 2. ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ನನಗೆ ಅದೇ ಜಾಸ್ತಿ ಇಷ್ಟ.

11 1ಕ್ಕೆ ನಾನು ಕೇರಳ ಪಿರವಿ (ಕೇರಳ ರಾಜ್ಯ ಹುಟ್ಟಿದ ದಿನ), ಕನ್ನಡ ರಾಜ್ಯೋತ್ಸವ ಎರಡನ್ನೂ ಹಾಕಿದ್ದೇನೆ. 1956ರ ಆ ದಿನ ನಮ್ಮೂರಿಗೆ ಸಣ್ಣದಲ್ಲ ಅಲ್ವಾ?

ಗುಡ್ ಫ್ರೈಡೇಗೆ 'ಹಾಲಿಡೇ-ಈಸ್ಟರ್-ಈಟಿಸಿ' ಬಳಸಿ, ಮೈನಸ್ 2 ಕೊಡಿ, ಅಂದರೆ ಈಸ್ಟರಿಗೆ ಎರಡು ದಿನ ಮೊದಲು. ಪ್ರತಿ ವರ್ಷ ತಾನೇ ಲೆಕ್ಕ ಹಾಕುತ್ತದೆ. ಈದ್‌ಗೆ 'ಹಾಲಿಡೇ-ಇಸ್ಲಾಮಿಕ್' ಇದೆ. ಆದರೆ ಅದು ಬರೀ ಗಣಿತ. ಚಂದ್ರ ಕಂಡದ್ದರ ಮೇಲೆ ಒಂದು ದಿನ ಆಚೀಚೆ ಆಗಬಹುದು. ಓಣಂ ತಾರೀಕನ್ನು ಪಂಚಾಂಗ ನೋಡಿ ವರ್ಷಕ್ಕೊಮ್ಮೆ ತಿದ್ದಿ.

ಉಳಿಸಿ, ಇಮ್ಯಾಕ್ಸ್ ಮುಚ್ಚಿ ತೆರೆಯಿರಿ. ಕ್ಯಾಲೆಂಡರಿನಲ್ಲಿ ಎಕ್ಸ್ ಒತ್ತಿದರೆ ರಜೆಗಳಿಗೆ ಗುರುತು ಬೀಳುತ್ತದೆ. ತಾರೀಕಿನ ಮೇಲೆ ನಿಂತು ಎಚ್ ಒತ್ತಿದರೆ ಹೆಸರು ಕಾಣಿಸುತ್ತದೆ.